ಅಜ್ಜನ ತೋಳಿನ ಇಸ್ಪೇಟ್ ಎಕ್ಕ

ಸತ್ತ ಮೇಲೂ ಬಡ್ತಿ ಸಿಗುವ ನೌಕರಿ ಅಂತ ಇದ್ದರೆ ಅದು ಮಿಲಿಟರಿ ಒಂದೇ. ಬದುಕಿದ್ದಾಗ ಸಿಪಾಯಿಯಾಗಿದ್ದ ಅಜ್ಜ ಮಗನ ಬಾಯಲ್ಲಿ ಹವಾಲ್ದಾರನಾಗುತ್ತಾನೆ. ಮೊಮ್ಮಗನ ಮದುವೆ ಹೊತ್ತಿಗೆ ಕ್ಯಾಪ್ಟನ್. ಮರಿಮಗ ಅಮೆರಿಕಕ್ಕೆ ಹೋಗಿ ಬಂದನೋ, ಕರ್ನಲ್‌ಗೆ ಒಂದು ಗುಲಗಂಜಿ ಕಡಿಮೆ ಇಲ್ಲ. ಪಿಂಚಣಿ ಮಾತ್ರ ಕೊನೆವರೆಗೂ ಸಿಪಾಯಿಯದೇ ಬರುತ್ತಿತ್ತು, ಆ ವಿಷಯ ಯಾರೂ ಎತ್ತುವುದಿಲ್ಲ. ಯಾರಾದರೂ ಒಂದು ಸ್ಟೂಲು ಹಾಕಿಕೊಂಡು ಹತ್ತಿ, ಗೋಡೆಯ ಮೇಲಿನ ಫೋಟೊದಲ್ಲಿ ಅಜ್ಜನ ಮೀಸೆಯನ್ನು ಬಿಟ್ಟು ತೋಳನ್ನು ನೋಡಿದ್ದರೆ ಈ ಬಡ್ತಿಗಳೆಲ್ಲ ಅಲ್ಲೇ ರದ್ದಾಗುತ್ತಿದ್ದವು.

ನನಗೆ ಆ ತೋಳು ನೋಡುವ ಚಟ. ಯಾರ ಮನೆಗೆ ಹೋದರೂ ಕಾಫಿ ಬರುವಷ್ಟರಲ್ಲಿ ಕಣ್ಣು ಗೋಡೆ ಹತ್ತಿರುತ್ತದೆ. ಇದು ಬೀದಿಗೆಲ್ಲ ಗೊತ್ತಾಗಿ, ಪಕ್ಕದ ಮನೆಯ ಮೇಷ್ಟ್ರು ಮೊನ್ನೆ ಕಾಂಪೌಂಡ್ ಗೋಡೆಯ ಮೇಲೆ ಒಂದು ಫೋಟೊ ಇಟ್ಟು, "ಸ್ವಾಮಿ, ಇವರು ನಮ್ಮ ದೊಡ್ಡಜ್ಜ. ಬರ್ಮಾದಲ್ಲಿ ಜಪಾನಿಯೋರ ಜತೆ ಕೈ ಕೈ ಮಿಲಾಯಿಸಿದೋರು. ತೋಳಿನ ಮೇಲೆ ಅರಳಿ ಎಲೆ ಇದೆ ನೋಡಿ, ಬುದ್ಧನ ನಾಡಿಗೆ ಹೋಗ್ತಾರೆ ಅಂತ ಕೊಟ್ಟಿದ್ದಂತೆ" ಅಂದರು.

ನೋಡಿದೆ. ಎಲೆಯೇನೋ ಹೌದು, ಆದರೆ ಅರಳಿ ಮರದ್ದಲ್ಲ. ಅರಳಿ ಎಲೆಗೆ ತುದಿಯಲ್ಲಿ ಉದ್ದನೆಯ ಬಾಲ ಇರುತ್ತದೆ. ಇದರ ತುದಿ ಮೊನಚು ಅಷ್ಟೇ, ಕೆಳಗೆ ತೊಟ್ಟು ಅಗಲವಾಗಿ ಕಾಲೂರಿ ನಿಂತಿದೆ. "ಮೇಷ್ಟ್ರೇ, ಇದು ಇಸ್ಪೇಟ್ ಎಕ್ಕ" ಅಂದೆ. ಮೇಷ್ಟ್ರ ಮುಖ ನೋಡಬೇಕಿತ್ತು. ಅವರ ಮನೆಯಲ್ಲಿ ದೀಪಾವಳಿಗೂ ಎಲೆ ಮುಟ್ಟುವವರಿಲ್ಲ.

ಅದು 25ನೇ ಇಂಡಿಯನ್ ಡಿವಿಷನ್ನಿನ ಗುರುತು. ಹಸಿರು ಬಟ್ಟೆಯ ಮೇಲೆ ಕಪ್ಪು ಇಸ್ಪೇಟು. ನಮಗೆ ಹೆಚ್ಚು ದೂರದ್ದೇನೂ ಅಲ್ಲ, ಆ ಡಿವಿಷನ್ ಕಟ್ಟಿದ್ದೇ ಬೆಂಗಳೂರಿನಲ್ಲಿ, 1942ರಲ್ಲಿ, ಜಪಾನಿಯರು ದಕ್ಷಿಣದ ಕರಾವಳಿಗೆ ಬಂದಿಳಿದಾರು ಎಂಬ ಭಯದಲ್ಲಿ. ಅವರು ಬರಲಿಲ್ಲ, ಇವರೇ ಹೊರಟರು. ಬರ್ಮಾದ ಅರಕಾನಿನ ಕೆಸರು, ಉಪ್ಪುನೀರಿನ ಕಾಲುವೆ, ಕಾಡು ಇವುಗಳ ನಡುವೆ 1945ರ ಜನವರಿ ಕೊನೆಗೆ ಕಂಗಾವ್ ಎಂಬಲ್ಲಿ ಘೋರ ಕಾಳಗವಾಯಿತು. ಆ ಡಿವಿಷನ್ನಿನ 51ನೇ ಬ್ರಿಗೇಡಿನಲ್ಲಿ ಮೂರು ಪಟಾಲಮ್ಮುಗಳಿಗೂ ಭಾರತೀಯರೇ ಮುಖ್ಯಸ್ಥರು. ಒಬ್ಬರು ಥೋರಾಟ್, ಒಬ್ಬರು ಸೇನ್, ಮೂರನೆಯವರು ನಮ್ಮ ಮಡಿಕೇರಿಯ ತಿಮ್ಮಯ್ಯ. ಮೂವರಿಗೂ ಡಿಎಸ್‌ಒ ಪದಕ ಬಂತು.

ಇಷ್ಟು ಹೇಳಿದ್ದೇ ತಡ, ಮೇಷ್ಟ್ರು ಇಸ್ಪೇಟನ್ನು ಮನ್ನಿಸಿಬಿಟ್ಟರು. "ಹಂಗಾದ್ರೆ ನಮ್ಮಜ್ಜ ತಿಮ್ಮಯ್ಯನೋರ ಜತೆ ಕಾದಾಡಿದೋರು!"

ಇಲ್ಲೇ ಇರುವುದು ಎಡವಟ್ಟು. ತೋಳಿನ ಬಿಲ್ಲೆ ಹೇಳುವುದು ಡಿವಿಷನ್ ಯಾವುದು ಅಂತ ಮಾತ್ರ. ಒಂದು ಡಿವಿಷನ್ ಅಂದರೆ ಹತ್ತು ಸಾವಿರಕ್ಕೂ ಮೇಲೆ ಜನ. ಬಂದೂಕು ಹಿಡಿದವನ ತೋಳಲ್ಲೂ ಅದೇ ಎಕ್ಕ, ಅನ್ನ ಬೇಯಿಸಿದವನ ತೋಳಲ್ಲೂ ಅದೇ ಎಕ್ಕ. ಅಜ್ಜ ಅಲ್ಲಿ ಏನು ಮಾಡುತ್ತಿದ್ದರು ಅಂತ ತಿಳಿಯಬೇಕಾದರೆ ಬಿಲ್ಲೆಯಿಂದ ಒಂದು ಗೇಣು ಮೇಲಕ್ಕೆ ಹೋಗಿ ಭುಜಪಟ್ಟಿಯ ತುದಿಯಲ್ಲಿರುವ ಹಿತ್ತಾಳೆ ಅಕ್ಷರ ಓದಬೇಕು. ಕಣ್ಣಿಗೆ ಕಾಣದು. ಮೇಷ್ಟ್ರ ಫೋನಿನಲ್ಲೇ ಒಂದು ಚಿತ್ರ ತೆಗೆದು ಹಿಗ್ಗಿಸಿದೆವು. ಮೊದಲ ಅಕ್ಷರದ ಮೇಲೆ ಬೆಳಕು ಬಿದ್ದು ಅಳಿಸಿಹೋಗಿತ್ತು, ಉಳಿದದ್ದು ಐ, ಎ, ಎಸ್, ಸಿ. ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಅಕ್ಕಿ, ಬೇಳೆ, ಪೆಟ್ರೋಲು, ಗುಂಡು ಸಾಗಿಸುವವರು. ಲಾರಿ ಹೋಗದ ಕಡೆ ಹೇಸರಗತ್ತೆ ಹೊಡೆದುಕೊಂಡು ಹೋಗುವವರು.

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೇಸರಗತ್ತೆ ಬೇಡ, ಲಾರಿ ಅಂತ ಇಟ್ಕೊಳ್ಳೋಣ" ಅಂದರು. ಇಟ್ಟುಕೊಳ್ಳಲಿ. ಆದರೆ ಅರಕಾನಿನ ಕಾಡಿನಲ್ಲಿ ಹೇಸರಗತ್ತೆ ಬಾರದಿದ್ದರೆ ಮುಂದಿದ್ದವನ ಬಂದೂಕಿಗೆ ಗುಂಡೂ ಇಲ್ಲ, ಹೊಟ್ಟೆಗೆ ಹಿಟ್ಟೂ ಇಲ್ಲ. ಕೈ ಕೈ ಮಿಲಾಯಿಸಿದ ಕಥೆಗಿಂತ ನನಗಂತೂ ಇದೇ ಹೆಚ್ಚು ಇಷ್ಟವಾಯಿತು.

ಈ ಬಿಲ್ಲೆಗಳ ಲೋಕವೇ ಒಂದು ಮೃಗಾಲಯ. ಲಾರಿಯ ಮೇಲೆ "ಇಂತಿಷ್ಟನೇ ಡಿವಿಷನ್" ಅಂತ ಬರೆದರೆ ಶತ್ರುವಿನ ಗೂಢಚಾರನಿಗೆ ಕೂತಲ್ಲೇ ಕೆಲಸ ಮುಗಿಯುತ್ತದೆ. ಅದಕ್ಕೆ ಅಂಕಿಯ ಬದಲು ಚಿತ್ರ. ಚಿತ್ರವಾದರೆ ಓದು ಬಾರದ ಸಿಪಾಯಿಗೂ ತನ್ನ ಲಾರಿ ಯಾವುದು ಅಂತ ದೂರದಿಂದಲೇ ತಿಳಿಯುತ್ತದೆ. 4ನೇ ಡಿವಿಷನ್ನಿಗೆ ಕೆಂಪು ಹದ್ದು. ಅದು ಎರಿಟ್ರಿಯಾದ ಕೆರೆನ್, ಆಫ್ರಿಕಾದ ಮರಳುಗಾಡು, ಇಟಲಿಯ ಕಸಿನೋ ಎಲ್ಲ ಸುತ್ತಿದ ಹದ್ದು. 23ಕ್ಕೆ ಜಗಳಗಂಟ ಹುಂಜ. 26ಕ್ಕೆ ತ್ರಿಕೋನದೊಳಗಿಂದ ಹೆಜ್ಜೆ ಇಡುತ್ತಿರುವ ಹುಲಿ. 19ಕ್ಕೆ ಕಠಾರಿ ಹಿಡಿದ ಮುಷ್ಟಿ, 1945ರ ಮಾರ್ಚಿನಲ್ಲಿ ಮಾಂಡಲೆ ಹಿಡಿದವರು ಇವರೇ. 17ನೇ ಡಿವಿಷನ್ನಿನ ಮೊದಲ ಗುರುತು ಮಿಂಚು. 1942ರಲ್ಲಿ ಬರ್ಮಾದಿಂದ ಪೆಟ್ಟು ತಿಂದು ಹಿಂದೆ ಸರಿದ ಮೇಲೆ ಮಿಂಚನ್ನು ಕಿತ್ತು ಬೆನ್ನು ಬಾಗಿಸಿ ನಿಂತ ಕರಿಬೆಕ್ಕನ್ನು ಹೊಲಿಸಿಕೊಂಡರು. ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸು ಹೋಗಿ ನೀರು ಕುಡಿದು ಹೊರಡುವ ನಮ್ಮ ಜನ, ಅದೇ ಬೆಕ್ಕನ್ನು ತೋಳಿಗೆ ಕಟ್ಟಿಕೊಂಡು ಯುದ್ಧಕ್ಕೆ ಹೋದದ್ದು ನನಗೆ ಈಗಲೂ ನಗು ತರಿಸುತ್ತದೆ.

ಬರ್ಮಾಕ್ಕೆ ಪಶ್ಚಿಮ ಆಫ್ರಿಕಾದ 81ನೇ ಡಿವಿಷನ್ನೂ ಬಂದಿತ್ತು. ಅವರದು ಜೇಡ, ಅವರ ಜನಪದ ಕಥೆಗಳ ಜಾಣ ಅನಾನ್ಸಿ. ಆ ಜೇಡವನ್ನು ತಲೆ ಕೆಳಗಾಗಿ ಹೊಲಿಯುತ್ತಿದ್ದರು. ನೇರ ನಿಂತವನ ತೋಳಲ್ಲಿ ಅದು ತಲೆಕೆಳಗಾಗಿ ಕಾಣುತ್ತದೆ, ಗುರಿಯಿಡಲು ಕೈ ಚಾಚಿದಾಗ ಮುಂದಕ್ಕೆ ನಡೆಯುತ್ತದೆ. ದರ್ಜಿ ತಪ್ಪಿ ಹೊಲಿದದ್ದಲ್ಲ. ಬರ್ಮಾದಲ್ಲಿ ಕಾದಿದ 14ನೇ ಸೇನೆಯ ಗುರುತನ್ನು ಅದರ ದಂಡನಾಯಕ ಜನರಲ್ ಸ್ಲಿಮ್ ತಾವೇ ಬರೆದುಕೊಟ್ಟರು. ಕೆಂಪು ಗುರಾಣಿಯ ಮೇಲೆ ಕತ್ತಿ, ಮೊನೆ ಕೆಳಕ್ಕೆ. ಲಾಂಛನಶಾಸ್ತ್ರದವರು ಮೊನೆ ಮೇಲಕ್ಕಿರಬೇಕು ಅನ್ನುತ್ತಾರೆ. ನಕಾಶೆಯಲ್ಲಿ ಬರ್ಮಾವನ್ನು ಮೇಲಿನಿಂದ, ಅಂದರೆ ಉತ್ತರದಿಂದ ಇಳಿದು ಗೆಲ್ಲಬೇಕಾದವನಿಗೆ ಆ ಶಾಸ್ತ್ರ ಬೇಕಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ಫೋಟೊ ಮುಂದೆ ಕೂತಾಗ ಒಂದು ತೊಡಕು ಬರುತ್ತದೆ, ಬಣ್ಣದ್ದು. ಕಪ್ಪು ಬಿಳುಪು ಅಂದರೆ ಗಾಢ ಬಣ್ಣ ಕಪ್ಪಗೆ, ತಿಳಿ ಬಣ್ಣ ಬೆಳ್ಳಗೆ ಬರುತ್ತದೆ ಅಂತ ನಾವು ತಿಳಿದಿದ್ದೇವೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಈ ನಿಯಮ ಇಲ್ಲ. ಅದರ ಕಣ್ಣಿಗೆ ಕೆಂಪು ಕಾಣುವುದೇ ಇಲ್ಲ, ಕೆಂಪೆಲ್ಲ ಮಸಿಯಾಗುತ್ತದೆ. ನೀಲಿಯೋ, ಇರುವುದಕ್ಕಿಂತ ಬೆಳ್ಳಗಾಗುತ್ತದೆ. ಡಬ್ಬಿ ಕ್ಯಾಮೆರಾದವರ ಮೆಚ್ಚಿನ ಕೊಡಾಕ್ ವೆರಿಕ್ರೋಮ್ ಫಿಲ್ಮು ಹೀಗೆಯೇ ಇತ್ತು. ಎಲ್ಲ ಬಣ್ಣ ಕಾಣುವ ವೆರಿಕ್ರೋಮ್ ಪ್ಯಾನ್ ಬಂದದ್ದು 1956ರಲ್ಲಿ. ಈಗ 5ನೇ ಡಿವಿಷನ್ ತಗೊಳ್ಳಿ. ಅವರ ಗುರುತು ಕಪ್ಪು ಚೌಕದ ಮೇಲೆ ಕೆಂಪು ಉಂಡೆ, "ಬೆಂಕಿಯ ಚೆಂಡು" ಅಂತ ಹೆಸರು. ಅಂಥ ಫಿಲ್ಮಿನಲ್ಲಿ ಕಪ್ಪಿನ ಮೇಲೆ ಕಪ್ಪು! ತೋಳಿನ ಮೇಲೆ ಬರೀ ಒಂದು ಕರಿ ಚೌಕ ಉಳಿಯುತ್ತದೆ. ಮನೆಯವರು ಅದನ್ನು ಶೋಕದ ಪಟ್ಟಿ ಅಂತಲೋ, ಹರಿದ ಜಾಗಕ್ಕೆ ತೇಪೆ ಅಂತಲೋ ಅಂದುಕೊಳ್ಳುತ್ತಾರೆ. ಕೆಂಪು ಹದ್ದಿನ ಗತಿಯೂ ಇದೇ, ಅದೂ ಕಪ್ಪು ಚೌಕದ ಮೇಲೆಯೇ ಹಾರುತ್ತಿರುವುದು. ಫೋಟೊವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಕಸೂತಿಯ ಉಬ್ಬು ಕಾಣುತ್ತದೆಯೋ ನೋಡಬೇಕು. ಆಕಾರವನ್ನು ನಂಬಿ, ಛಾಯೆಯನ್ನು ನಂಬಬೇಡಿ.

ಇನ್ನು ಸ್ಟುಡಿಯೋದವರು ಕೈಯಿಂದ ಬಣ್ಣ ಹಚ್ಚಿಕೊಟ್ಟ ಫೋಟೊ ಇದ್ದರೆ ಬಣ್ಣದ ಮಾತು ಮರೆತುಬಿಡಿ. ಆ ಕಲಾವಿದನಿಗೆ ಡಿವಿಷನ್ ಗಿವಿಷನ್ ಗೊತ್ತಿಲ್ಲ. ಅಜ್ಜನ ತುಟಿಗೇ ಕೆಂಪು ಹಚ್ಚಿದ ಪುಣ್ಯಾತ್ಮ, ಬ್ರಷ್ಷಿನಲ್ಲಿ ಉಳಿದದ್ದನ್ನು ಬಿಲ್ಲೆಗೂ ಬಳಿದಿರುತ್ತಾನೆ.

ಫೋಟೊ ತಿರುಗುಮುರುಗಾಗಿ ಅಚ್ಚಾಗಿರುವುದೂ ಉಂಟು. ಪದಕಗಳು ಎಡ ಎದೆಯ ಮೇಲಿರಬೇಕು. ಬಲಕ್ಕಿದ್ದರೆ ನೆಗೆಟಿವ್ ಮಗುಚಿದೆ ಅಂತ ಅರ್ಥ. ಯುದ್ಧಕಾಲದ ಸರ್ಕಾರಿ ಫೋಟೊಗಳಲ್ಲಿ ಬಿಲ್ಲೆ ಇರಬೇಕಾದ ಕಡೆ ಮಸುಕು ಕಲೆ ಕಂಡರೆ ಅದು ಗೆದ್ದಲಿನದೇ ಆಗಿರಬೇಕಿಲ್ಲ, ಸೆನ್ಸಾರಿನವರ ಕೈಯೂ ಆಗಿರಬಹುದು.

ಬಡ್ತಿಯ ಮಾತಿಗೆ ಬರೋಣ. ತೋಳಿನ ಮೇಲಿನ ಕೋನಪಟ್ಟಿ ಸುಲಭ: ಒಂದಿದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಜಗಳ ಹುಟ್ಟುವುದು ಭುಜದ ನಕ್ಷತ್ರಗಳಲ್ಲಿ. ಈಗಿನ ಸೇನೆಯಲ್ಲಿ ಎರಡು ನಕ್ಷತ್ರ ಅಂದರೆ ಲೆಫ್ಟಿನೆಂಟ್. ಆದರೆ ಆ ನಕ್ಷತ್ರಗಳ ಕೆಳಗೆ ಭುಜಪಟ್ಟಿಗೆ ಅಡ್ಡಲಾಗಿ ಒಂದು ಸಣ್ಣ ರಿಬ್ಬನ್ನು, ಕೆಂಪು ಹಳದಿ ಕೆಂಪು, ಇದ್ದರೆ ಅವರು ಸುಬೇದಾರ್. ಅಶೋಕನ ಸಿಂಹ ಒಂದೇ ಇದ್ದರೆ ಮೇಜರ್, ಸಿಂಹದ ಜತೆ ರಿಬ್ಬನ್ನಿದ್ದರೆ ಸುಬೇದಾರ್ ಮೇಜರ್. ಎಷ್ಟೋ ಮನೆಗಳಲ್ಲಿ ಆ ರಿಬ್ಬನ್ನನ್ನೂ "ಸುಬೇದಾರ್" ಎಂಬ ಮಾತನ್ನೂ ಒಟ್ಟಿಗೇ ನುಂಗಿ "ನಮ್ಮ ಮಾವ ಮೇಜರ್" ಅನ್ನುತ್ತಾರೆ. ಇದು ಯಾಕೋ ನನಗೆ ಸರಿಬರುವುದಿಲ್ಲ. ಸಿಪಾಯಿಯಾಗಿ ಸೇರಿದವನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಸುಬೇದಾರ್ ಮೇಜರ್ ಆಗುವುದು ಒಂದು ಜನ್ಮದ ದುಡಿಮೆ. ಅಂಥವರು ಒಂದು ಪಟಾಲಮ್ಮಿಗೆ ಒಬ್ಬರೇ. ಹೊಸದಾಗಿ ಬಂದ ಲೆಫ್ಟಿನೆಂಟು ಅವರನ್ನು "ಸಾಬ್" ಅಂತ ಗೌರವದಿಂದಲೇ ಮಾತಾಡಿಸುತ್ತಾನೆ. ಅದನ್ನು ಕಿತ್ತುಹಾಕಿ ಮೇಜರ್ ಮಾಡಿದರೆ ಮಾವನಿಗೆ ಲಾಭವೋ ನಷ್ಟವೋ ನೀವೇ ಹೇಳಿ.

ಕಾಲ ತಿಳಿಯುವುದಕ್ಕೂ ಈ ಸಿಂಹವೇ ಸಾಕ್ಷಿ. ಬ್ರಿಟಿಷರ ಕಿರೀಟ ಇಳಿದು ಅಶೋಕನ ಸಿಂಹ ಭುಜ ಏರಿದ್ದು 1950ರ ಜನವರಿ 26ರಂದು, ಗಣರಾಜ್ಯದ ಜತೆಗೆ. ಬಿಲ್ಲೆಯೊಂದನ್ನೇ ನೋಡಿ ಕಾಲ ಹೇಳಲಾಗದು, ಯಾಕೆಂದರೆ ಬಿಲ್ಲೆಗಳಿಗೆ ಸಾವಿಲ್ಲ. ಕರಿಬೆಕ್ಕು, ಕಠಾರಿ, ಇಸ್ಪೇಟ್ ಎಕ್ಕ, ಕೆಂಪು ಹದ್ದು ಎಲ್ಲವೂ ಇವತ್ತಿಗೂ ನಮ್ಮ ಸೇನೆಯಲ್ಲಿವೆ. ಬರ್ಮಾದಲ್ಲಿ ಕಾದಾಡಿದ 7ನೇ ಡಿವಿಷನ್ನಿನ ಚಿನ್ನದ ಬಾಣ ಮಾತ್ರ ವಿಭಜನೆಯಲ್ಲಿ ಪಾಕಿಸ್ತಾನದ ಪಾಲಾಯಿತು. ಅಣ್ಣ ತಮ್ಮಂದಿರ ಪಾಲುಪಟ್ಟಿಯಲ್ಲಿ ಪಾತ್ರೆ ಪಡಗ ಹಂಚಿದಂತೆ ಹದ್ದು ಇಲ್ಲಿಗೆ, ಬಾಣ ಅಲ್ಲಿಗೆ.

ಮೊದಲನೇ ಮಹಾಯುದ್ಧದ ಮೈಸೂರು ಲ್ಯಾನ್ಸರ್ಸ್ ಫೋಟೊ ಸಿಕ್ಕಿದವರು ತೋಳಿನಲ್ಲಿ ಬೆಕ್ಕು ಹುಲಿ ಹುಡುಕಿ ದಣಿಯಬೇಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿಗೆ ಕುದುರೆ ಏರಿ ನುಗ್ಗಿದವರು ಇವರು. ಅವರಲ್ಲಿ ನೋಡಬೇಕಾದ್ದು ಲೋಹದ ಬಿಲ್ಲೆ, ಅದರ ಮೇಲೆ ಗಂಡಭೇರುಂಡ. ಎರಡು ತಲೆ ಕಂಡರೆ ಮುಗಿಯಿತು, ಕನ್ನಡದವನಿಗೆ ಅದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಬೆಂಗಳೂರಿನ ಹಳೇ ಫೋಟೊಗಳಲ್ಲಿ ಇನ್ನೊಂದು ಗುರುತು ತಲೆ ಕೆಡಿಸುತ್ತದೆ: ಗುರಾಣಿ ಆಕಾರ, ಕೆಳಗೆ ಉದ್ದುದ್ದ ಪಟ್ಟೆ, ಮೇಲೆ ಒಂದು ಕಡೆ ಕಿರಣ ಬಿಟ್ಟ ಸೂರ್ಯ, ಇನ್ನೊಂದು ಕಡೆ ನಕ್ಷತ್ರ. ಹಾಕಿಕೊಂಡವರು ಎತ್ತರದ ಬಿಳಿಯರು, ಆದರೆ ಬ್ರಿಟಿಷರಲ್ಲ. ಅದು ಚೀನಾ ಬರ್ಮಾ ಇಂಡಿಯಾ ರಣರಂಗದ ಅಮೆರಿಕನ್ನರ ಬಿಲ್ಲೆ. ಸೂರ್ಯ ಚೀನಾದ್ದು, ನಕ್ಷತ್ರ ಭಾರತದ್ದು. ಈಗಿನ ಎಚ್‌ಎಎಲ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ವಿಮಾನ ರಿಪೇರಿ ಕೇಂದ್ರವಾಗಿತ್ತು, ಇವರೆಲ್ಲ ಅಲ್ಲಿಗೆ ಬಂದವರು. ಈ ಬಿಲ್ಲೆಗಳನ್ನು ಎಷ್ಟೋ ಸಲ ನಮ್ಮ ದರ್ಜಿಗಳೇ ಕೈಯಿಂದ ಹೊಲಿದುಕೊಟ್ಟಿದ್ದಾರೆ, ಜರಿ ಹಾಕಿದ್ದೂ ಉಂಟು, ತೊಗಲಿನದ್ದೂ ಉಂಟು. ಒಂದರಂತೆ ಇನ್ನೊಂದಿಲ್ಲ.

ಕೈಕೆಲಸದ ಈ ಅಂದಕ್ಕೇ ಈಗ ಸಂಗ್ರಹಕಾರರು ಮುಗಿಬೀಳುತ್ತಾರೆ, ಆದ್ದರಿಂದ ನಕಲಿಯೂ ಬಂದಿದೆ. ಹೊಸದನ್ನು ಹೊಲಿದು ಚಹದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಎಂಬತ್ತು ವರ್ಷ ಒಂದು ಮಧ್ಯಾಹ್ನದಲ್ಲಿ ಕಳೆಯುತ್ತದೆ. ಪೆಟ್ಟಿಗೆಯಲ್ಲಿ ಅಜ್ಜನದೇ ಬಿಲ್ಲೆ ಸಿಕ್ಕಿದ್ದರೆ ನೋಟು ಪರೀಕ್ಷೆ ಮಾಡುವ ನೀಲಿ ದೀಪ ಬಿಟ್ಟು ನೋಡಬಹುದು. ಈಚಿನ ನೂಲಿಗೆ ಬೆಳ್ಳಗಾಗಿಸುವ ರಾಸಾಯನಿಕ ಹಾಕಿರುತ್ತಾರೆ, ಕತ್ತಲಲ್ಲಿ ಫಳಫಳ ಹೊಳೆಯುತ್ತದೆ, ಹಳೆಯದು ಮಂಕಾಗಿಯೇ ಇರುತ್ತದೆ. ಹೊಳೆದುಬಿಟ್ಟಿತು ಅಂತ ತಕ್ಷಣ ಅಜ್ಜನ ಮೇಲೆ ಅನುಮಾನ ಪಡಬೇಡಿ. ಅದೇ ರಾಸಾಯನಿಕ ಸೋಪಿನ ಪುಡಿಯಲ್ಲೂ ಇರುತ್ತದೆ. ಮನೆಯಲ್ಲಿ ಯಾರಾದರೂ ಆ ಬಿಲ್ಲೆಯನ್ನು ಎಂದಾದರೂ ಬಕೆಟ್ಟಿನಲ್ಲಿ ನೆನೆಹಾಕಿದ್ದರೇ ಅಂತ ಮೊದಲು ಕೇಳಿಕೊಳ್ಳಿ.