ಶಾಂತ ರಸ್ತೆಯ ಶನಿವಾರ

ಜೀಪಿನ ಹಿಂದೆ ಟ್ರೈಲರ್ ಕಟ್ಟಿ, ಅದರ ಮೇಲೆ ಅಜ್ಜಿಯ ಬೀಟೆ ಮಂಚ ಹೇರಿಕೊಂಡು ಭಾವ ಬೆಂಗಳೂರಿನಿಂದ ಹೊರಟರು. ‘ಮೈಸೂರು ಎಕ್ಸ್‌ಪ್ರೆಸ್‌ವೇನಾ?’ ಅಂದೆ.

‘ಅಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ನಮ್ಮನ್ನೂ ಟ್ರ್ಯಾಕ್ಟರ್ ಅಂದುಕೊಂಡಾರು! ಅರಕಲಗೂಡು ಮೇಲೆ ತಣ್ಣಗೆ ಹೋಗೋಣ.’

ಹೋದೆವು. ಕಾಫಿ ತೋಟ, ಸಿಲ್ವರ್ ಓಕ್, ಹಿಂದೆ ಹಾರ್ನ್ ಹೊಡೆಯುವವರೇ ಇಲ್ಲ. ಶನಿವಾರಸಂತೆ ಮುಟ್ಟಿದಾಗಲೇ ನೆನಪಾಗಿದ್ದು, ಅವತ್ತು ಶನಿವಾರ! ಊರಿನ ಹೆಸರಲ್ಲೇ ಎಚ್ಚರಿಕೆ ಇತ್ತು, ಓದಿಕೊಂಡಿರಲಿಲ್ಲ ಅಷ್ಟೆ.

ಮುಂದೆ ಒಣಮೀನಿನ ಬುಟ್ಟಿ, ಹಿಂದೆ ಮೆಣಸಿನಕಾಯಿ ಮೂಟೆ. ರಿವರ್ಸ್ ತೆಗೆಯಲು ಭಾವ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ. ಥೇಟ್ ನಮ್ಮಕ್ಕನ ಹಾಗೆ. ಕೊನೆಗೆ ಅಲ್ಲೇ ನಿಲ್ಲಿಸಿದೆವು. ಎರಡೇ ನಿಮಿಷ. ಮುದುಕರೊಬ್ಬರು ಮಂಚ ತಟ್ಟಿ ನೋಡಿ ಕೇಳಿದರು:

‘ಎಷ್ಟಕ್ಕೆ ಕೊಡ್ತೀರಿ?’