ಬಾಗಿಲು ಹಾಕಿದ ಮೇಲೆ ಬರುವ ಅತಿಥಿ

ಥೀಮ್ ಪಾರ್ಕಿಗೆ ಬರುವ ಜನರಲ್ಲಿ ಹಲವು ಬಗೆ. ಟಿಕೆಟ್ ಕೌಂಟರ್ ತೆರೆಯುವ ಮೊದಲೇ ಗೇಟಿನ ಮುಂದೆ ನಿಂತವರು, ಮಕ್ಕಳ ಹಟಕ್ಕೆ ಬಂದು ನೆರಳಿರುವ ಬೆಂಚು ಹುಡುಕುವವರು, ಕೊಟ್ಟ ದುಡ್ಡು ವಸೂಲಾಗಲಿ ಎಂದು ತಲೆ ತಿರುಗುವ ತನಕ ಒಂದೇ ರೋಲರ್ ಕೋಸ್ಟರಿನಲ್ಲಿ ಕೂರುವವರು. ಇವರೆಲ್ಲ ಮನೆಗೆ ಹೋದ ಮೇಲೆ ಬರುವವನೊಬ್ಬನಿದ್ದಾನೆ. ಅವತ್ತೇ ಸಂಜೆ ಬರುತ್ತಾನೆ ಎಂದಲ್ಲ. ಎಷ್ಟೋ ಸಲ ಹತ್ತಿಪ್ಪತ್ತು ವರ್ಷ ತಡವಾಗಿ ಬರುತ್ತಾನೆ. ಮದುವೆ ಮನೆಗೆ ಊಟದ ಹೊತ್ತು ಬಿಟ್ಟು ಪಾತ್ರೆ ತೊಳೆಯುವ ಹೊತ್ತಿಗೆ ಬಂದು, ಸೀದಾ ಅಡುಗೆ ಕೋಣೆಗೆ ನುಗ್ಗುವ ನೆಂಟನ ಹಾಗೆ.

ಇವನ ಹವ್ಯಾಸಕ್ಕೆ ಅರ್ಬನ್ ಎಕ್ಸ್‌ಪ್ಲೊರೇಷನ್ ಎಂಬ ಘನವಾದ ಹೆಸರಿದೆ. ಪೊಲೀಸ್ ಠಾಣೆಯ ಕಡತದಲ್ಲಿ ಅದು ಬರೀ ಅತಿಕ್ರಮ ಪ್ರವೇಶ. ಈ ವಿದ್ಯೆಗೆ ಶಾಸ್ತ್ರ ಬರೆದವರು ಕೆನಡಾದ ಟೊರಾಂಟೊದ ಜೆಫ್ ಚಾಪ್‌ಮನ್. ‘ನಿಂಜಲಿಶಿಯಸ್’ ಎಂಬ ಗುಪ್ತನಾಮದಲ್ಲಿ 1996ರಲ್ಲಿ ‘ಇನ್‌ಫಿಲ್ಟ್ರೇಷನ್’ ಎಂಬ ಪುಟ್ಟ ಪತ್ರಿಕೆ ಶುರು ಮಾಡಿದ ಅವರು, 2005ರಲ್ಲಿ ‘ಆಕ್ಸೆಸ್ ಆಲ್ ಏರಿಯಾಸ್’ ಎಂಬ ಕೈಪಿಡಿ ತಂದರು. ಅದೇ ವರ್ಷ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾಗಲೇ ತೀರಿಕೊಂಡರು. ಅವರ ಶಿಷ್ಯಕೋಟಿ ಮಾತ್ರ ಲೋಕದ ತುಂಬ ಬೇಲಿ ಹಾರುತ್ತಲೇ ಇದೆ.

ಪಾರ್ಕ್‌ಪ್ರೇಮಿ ಶಾಖೆಯ ನಮ್ಮ ಮಹಾಶಯ ಹಗಲಿನಲ್ಲಿ ತೀರಾ ಸಾಧು. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ, ರಸ್ತೆ ದಾಟುವಾಗ ಸಿಗ್ನಲ್ ಕಾಯುತ್ತಾನೆ, ತೆರಿಗೆ ಗಡುವಿಗೆ ಮೊದಲೇ ಕಟ್ಟುತ್ತಾನೆ. ರಾತ್ರಿಯ ಚೀಲ ಬಿಚ್ಚಿ ನೋಡಿದರೆ ಮಾತ್ರ ಆಸಾಮಿ ಬೇರೆ. ಹಣೆಗೆ ಕಟ್ಟುವ ಟಾರ್ಚು, ಅದಕ್ಕೊಂದು ಕೆಂಪು ಗಾಜು. ಬೂಷ್ಟು ಮತ್ತು ಪಾರಿವಾಳದ ಹಿಕ್ಕೆಯಿಂದ ಕಾಪಾಡುವ ಮುಖಗವಸು. ಮುಳ್ಳುತಂತಿಯ ಮೇಲೆ ಹಾಸಲು ಹಳೇ ಕಾರ್ಪೆಟ್ ತುಂಡು. ಮೂರು ಕ್ಯಾಮೆರಾ ಬ್ಯಾಟರಿ, ಒಂದು ಬಾಟಲಿ ನೀರು. ಪರ್ಸಿನಲ್ಲಿ ಆರನೇ ವಯಸ್ಸಿನಲ್ಲಿ ಅಪ್ಪನ ಹೆಗಲೇರಿ ತೆಗೆಸಿಕೊಂಡ ಫೋಟೊ. ಹಿನ್ನೆಲೆಯಲ್ಲಿ ಇರುವ ರೈಡು ಮುಚ್ಚಿ ಯಾವುದೋ ಕಾಲವಾಗಿದೆ. ಅದು ಶುರುವಾದ ದಿನ, ನಿಂತ ದಿನ, ಪ್ರಾಯೋಜಕ ಕಂಪನಿ, ಹಾಡಿನ ರಾಗ ಎಲ್ಲವೂ ಅವನಿಗೆ ಬಾಯಿಪಾಠ. ಅವನ ಮಾತಿನಲ್ಲಿ ರೈಡುಗಳು ಮುಚ್ಚುವುದಿಲ್ಲ, ‘ತೀರಿಕೊಳ್ಳುತ್ತವೆ’. ಆ ಮಾತು ಹೇಳುವಾಗ ಒಂದು ಕ್ಷಣ ಟೋಪಿ ತೆಗೆದರೂ ಆಶ್ಚರ್ಯವಿಲ್ಲ.

ಈ ಪಂಥದ ಪುರಾಣದಲ್ಲಿ ಮೊದಲ ಅಧ್ಯಾಯ ‘ಹೊರೈಜನ್ಸ್’ನದು. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನ ಎಪ್ಕಾಟ್ ಪಾರ್ಕಿನಲ್ಲಿ 1983ರ ಅಕ್ಟೋಬರ್ 1ರಂದು ಶುರುವಾದ ಈ ರೈಡು, ಮುಂದಿನ ಶತಮಾನದಲ್ಲಿ ಮನುಷ್ಯ ಹೇಗೆ ಬದುಕುತ್ತಾನೆ ಎಂಬುದನ್ನು ತೋರಿಸುತ್ತಿತ್ತು. ಮರುಭೂಮಿಯ ತೋಟದ ದೃಶ್ಯ ಬಂದಾಗ ಕಿತ್ತಳೆ ಹಣ್ಣಿನ ವಾಸನೆ ಬಿಡುತ್ತಿದ್ದರು. ನೋಡಿದವರಿಗೆ ಉಳಿದದ್ದೆಲ್ಲ ಮರೆತರೂ ಆ ವಾಸನೆ ಮರೆತಿಲ್ಲ. ತೊಂಬತ್ತರ ದಶಕದ ಕೊನೆಗೆ ಜನ ಕಡಿಮೆಯಾಗಿ, ಬಂಡಿಗಳು ಖಾಲಿ ಓಡತೊಡಗಿದವು. ‘ಹೂಟ್’ ಮತ್ತು ‘ಚೀಫ್’ ಎಂದು ತಮ್ಮನ್ನು ಕರೆದುಕೊಂಡ ಇಬ್ಬರು ಗೆಳೆಯರು ಆಗ ಮಾಡಿದ್ದು ಇಷ್ಟೆ: ಟಿಕೆಟ್ ಕೊಂಡು ಮುಂಬಾಗಿಲಿನಿಂದ ಒಳಗೆ ಬಂದು, ಮರ್ಯಾದಸ್ಥರಂತೆ ಬಂಡಿಯಲ್ಲಿ ಕೂತು, ಕತ್ತಲು ಬಂದಾಗ ಇಳಿದುಬಿಡುತ್ತಿದ್ದರು.

ಇಳಿಯುವುದೇನೋ ಸುಲಭ, ಕಷ್ಟವಿರುವುದು ಕಾಲಿಡುವುದರಲ್ಲಿ. ಇಂಥ ರೈಡುಗಳ ಹಳಿಯ ಪಕ್ಕ ಕಪ್ಪು ರಬ್ಬರಿನ ಚಾಪೆ ಹಾಸಿರುತ್ತಾರೆ. ಬಾಗಿಲ ಮುಂದೆ ಕಾಲೊರೆಸುವ ಚಾಪೆಗಿಂತ ದಪ್ಪವೇನಲ್ಲ. ಮೇಲೆ ಮನುಷ್ಯನ ಭಾರ ಬಿದ್ದರೆ ಒಳಗಿನ ಎರಡು ಲೋಹದ ಪದರ ಒಂದಕ್ಕೊಂದು ತಾಗುತ್ತವೆ, ಕಂಟ್ರೋಲ್ ರೂಮಿನಲ್ಲಿ ದೀಪ ಹತ್ತುತ್ತದೆ, ಇಡೀ ರೈಡು ನಿಲ್ಲುತ್ತದೆ. ಗಾಬರಿಗೊಂಡು ಇಳಿದ ಅಜ್ಜಿಯೊಬ್ಬರು ಬಂಡಿಯ ಕೆಳಗೆ ಸಿಕ್ಕಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು ಅದು. ಗೆಳೆಯರಿಬ್ಬರೂ ಅದನ್ನು ಕುಂಟೆಬಿಲ್ಲೆಯ ಮನೆಗಳಂತೆ ಅಭ್ಯಾಸ ಮಾಡಿಕೊಂಡರು. ಎಲ್ಲಿ ತುಳಿಯಬಾರದು ಎಂಬುದು ತಿಳಿದ ಮೇಲೆ ಮತ್ತೆ ಮತ್ತೆ ಹೋದರು. ಯಂತ್ರದ ಬೊಂಬೆಗಳ ಪಕ್ಕ ನಿಂತರು, ಪರದೆಯ ಹಿಂದೆ ಹೊಕ್ಕರು, ಸಿಕ್ಕಿದ್ದನ್ನೆಲ್ಲ ಚಿತ್ರೀಕರಿಸಿದರು. 1999ರ ಜನವರಿ 9ರಂದು ರೈಡು ಮುಚ್ಚಿತು. ಕಟ್ಟಡವನ್ನೂ ಕೆಡವಿ ಆ ಜಾಗದಲ್ಲಿ 2003ರಲ್ಲಿ ‘ಮಿಷನ್: ಸ್ಪೇಸ್’ ಎಂಬ ಹೊಸ ರೈಡು ತೆರೆದರು. ಈಗ ಹೊರೈಜನ್ಸ್‌ನ ಒಳಗು ಹೇಗಿತ್ತು ಎಂದು ಹತ್ತಿರದಿಂದ ನೋಡಬಯಸುವ ಅಭಿಮಾನಿಗಳು ಹೋಗಬೇಕಾದ್ದು ಈ ಇಬ್ಬರು ಕಾನೂನುಭಂಜಕರ ದಾಖಲೆಗಳ ಬಳಿಗೇ. ಇದನ್ನು ಒಪ್ಪಿಕೊಳ್ಳಲು ಭದ್ರತಾ ವಿಭಾಗಕ್ಕೆ ಕಷ್ಟ, ಅಲ್ಲಗಳೆಯಲು ಇತಿಹಾಸಕಾರನಿಗೆ ಕಷ್ಟ.

ಮಹಾಶಯನಿಗೆ ಕಟ್ಟುನಿಟ್ಟಾದ ಮಡಿ ಇದೆ. ಫೋಟೊ ಬಿಟ್ಟು ಏನನ್ನೂ ತರಬಾರದು, ಹೆಜ್ಜೆ ಗುರುತು ಬಿಟ್ಟು ಏನನ್ನೂ ಉಳಿಸಬಾರದು, ಬೀಗ ಒಡೆಯಬಾರದು. ಆದರೆ ಬೇರೆ ಯಾರೋ ಒಡೆದಿಟ್ಟ ಬೀಗದ ಬಾಗಿಲಲ್ಲಿ ಹೋಗಬಹುದು. ಗೋಡೆಗೆ ಬಣ್ಣ ಬಳಿಯುವ ಹುಡುಗರನ್ನು ಕಂಡರೆ ಅವನಿಗೆ ಆಗುವುದಿಲ್ಲ. ತಾನೇ ಕದ್ದು ಒಳಗೆ ಬಂದು ನಿಂತು, ‘ಪರರ ಆಸ್ತಿ ಹಾಳು ಮಾಡ್ತೀರಲ್ಲೋ, ನಾಚಿಕೆ ಆಗಲ್ವ?’ ಎಂದು ಗದರಬಲ್ಲ ಏಕೈಕ ಪ್ರಾಣಿ ಇವನು.

ಅವನ ಹೆಸರಿಗೆ ಮಸಿ ಬಳಿಯುವವರು ಬೇರೆ ಇದ್ದಾರೆ. ಎಪ್ಕಾಟ್‌ನಲ್ಲೇ ‘ಕ್ರೇನಿಯಮ್ ಕಮಾಂಡ್’ ಎಂಬ ಪ್ರದರ್ಶನವಿತ್ತು. ಹನ್ನೆರಡು ವರ್ಷದ ಹುಡುಗನ ಮಿದುಳನ್ನು ನಡೆಸುವ ಬಜ್ಜಿ ಎಂಬ ಪುಟಾಣಿ ಪೈಲಟ್ ಅದರ ನಾಯಕ. 2007ರಲ್ಲಿ ಪ್ರದರ್ಶನ ನಿಂತ ಮೇಲೆ ಬಜ್ಜಿ ಕತ್ತಲಲ್ಲಿ ಕೂತೇ ಇದ್ದ. 2018ರಲ್ಲಿ ಅವನ ಜಾಕೆಟ್ಟು, ಟೋಪಿ ಮುಂತಾಗಿ ಸುಮಾರು 7,000 ಡಾಲರ್ ಬೆಲೆಯ ಉಡುಪು ಕಳುವಾದ ದೂರು ದಾಖಲಾಯಿತು. ಮರು ವರ್ಷ ಪೊಲೀಸರು ಬಂಧಿಸಿದ್ದು ಬೇಲಿ ಹಾರಿದವನನ್ನಲ್ಲ, ಅಲ್ಲೇ ಕೆಲಸ ಮಾಡಿದ್ದ ಮಾಜಿ ನೌಕರನನ್ನು. ಬೇಲಿಯೇ ಎದ್ದು ಹೊಲ ಮೇಯ್ದದ್ದು. ಹಾಗಿದ್ದರೂ ಅಂದಿನಿಂದ ಚೀಲ ತಪಾಸಣೆ ಎದುರಾದಾಗಲೆಲ್ಲ ಮಹಾಶಯ ಗೊಣಗುತ್ತಾನೆ: ಯಾರೋ ಬಜ್ಜಿ ಕದ್ದರು, ನನ್ನ ಟ್ರೈಪಾಡು ಹಿಡಿದರು.

ಕದ್ದು ಮಾಡಿದ್ದನ್ನು ಊರಿಗೆಲ್ಲ ಸಾರುವುದು ಇವನ ದೊಡ್ಡ ದೌರ್ಬಲ್ಯ. ಇಡೀ ರಾತ್ರಿ ಉಸಿರು ಬಿಗಿಹಿಡಿದು ಕ್ಯಾಮೆರಾ ಕಣ್ಣು ತಪ್ಪಿಸಿದವನು, ಬೆಳಗಾಗುವಷ್ಟರಲ್ಲಿ ತನ್ನದೇ ಮುಖ, ಧ್ವನಿ, ಶೂಗಳ ಸಮೇತ ನಲವತ್ತು ನಿಮಿಷದ ವಿಡಿಯೊ ಹಾಕಿರುತ್ತಾನೆ. ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಕೂಗುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಅವಸರ. ಸ್ಥಳದ ಗುಟ್ಟು ಬಿಡುವುದಿಲ್ಲ ಎಂದು ವಿಡಿಯೊದ ಆರಂಭದಲ್ಲಿ ಶಪಥ ಮಾಡುತ್ತಾನೆ. ಹಿಂದೆ ಲೋಕಪ್ರಸಿದ್ಧವಾದ ಕೋಟೆಯ ಗೋಪುರ ಕಾಣುತ್ತಿರುತ್ತದೆ. ಭದ್ರತಾ ವಿಭಾಗದವರಿಗೆ ಪತ್ತೇದಾರಿಕೆಯ ಕೆಲಸವೇ ಇಲ್ಲ. ವಿಡಿಯೊ ನೋಡಿ, ಪಾರ್ಕಿಗೆ ಇನ್ನು ಕಾಲಿಡಕೂಡದು ಎಂಬ ಆಜೀವ ನಿಷೇಧದ ಪತ್ರ ಕಳಿಸುತ್ತಾರೆ. ಮಹಾಶಯ ಆ ಪತ್ರದ ಬಗ್ಗೆಯೂ ಒಂದು ವಿಡಿಯೊ ಮಾಡುತ್ತಾನೆ.

ಇವನ ಕಾಶಿ ಯಾವುದೆಂದರೆ ಡಿಸ್ನಿ ವರ್ಲ್ಡ್‌ನ ಬೇ ಲೇಕ್ ಕೆರೆಯ ನಡುವಿನ ಡಿಸ್ಕವರಿ ಐಲ್ಯಾಂಡ್. ಹನ್ನೊಂದೂವರೆ ಎಕರೆಯ ಈ ದ್ವೀಪ ಹಕ್ಕಿ, ಆಮೆಗಳ ಪುಟ್ಟ ಮೃಗಾಲಯವಾಗಿ 1974ರ ಏಪ್ರಿಲ್ 8ರಂದು ತೆರೆಯಿತು, ಸರಿಯಾಗಿ ಇಪ್ಪತ್ತೈದು ವರ್ಷಕ್ಕೆ ಅದೇ ತಾರೀಕು ಮುಚ್ಚಿತು. ಕಟ್ಟಡಗಳನ್ನು ಕೆಡವಲಿಲ್ಲ. ದೋಣಿಯಲ್ಲಿ ಹೋಗುವವರಿಗೆಲ್ಲ ಅದು ಕಾಣುತ್ತದೆ, ಹೋಗುವಂತಿಲ್ಲ. ಇದಕ್ಕಿಂತ ದೊಡ್ಡ ಆಮಿಷ ಬೇಕೆ? ರಾತ್ರಿ ಈಜಿ ದಾಟಿದವರಿದ್ದಾರೆ. ಕೆರೆಯಲ್ಲಿ ಮೊಸಳೆಯ ದಾಯಾದಿಗಳಾದ ಆಲಿಗೇಟರುಗಳಿವೆ. ಅದೇ ಕೆರೆಯ ದಡದಲ್ಲಿದ್ದ ‘ರಿವರ್ ಕಂಟ್ರಿ’ ಎಂಬ ಜಲಕ್ರೀಡಾ ಪಾರ್ಕಿನಲ್ಲಿ 1980ರಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಮಿದುಳಿಗೆ ಹತ್ತುವ ಅಮೀಬಾ ಸೋಂಕಿನಿಂದ ತೀರಿಕೊಂಡಿದ್ದ. ಮಹಾಶಯನಿಗೆ ಇದೆಲ್ಲ ತಿಳಿದಿದೆ. ವಿಡಿಯೊದಲ್ಲಿ ಹೇಳುತ್ತಾನೆ ಕೂಡ. ಹೇಳಿ ನೀರಿಗಿಳಿಯುತ್ತಾನೆ.

2020ರ ವಸಂತದಲ್ಲಿ, ಕೊರೊನಾದಿಂದ ಇಡೀ ಡಿಸ್ನಿ ವರ್ಲ್ಡ್ ಬಾಗಿಲು ಹಾಕಿದ್ದಾಗ, ನಡುವಯಸ್ಸಿನ ಒಬ್ಬಾತ ಈ ದ್ವೀಪದಲ್ಲಿ ಬಿಡಾರ ಹೂಡಿದ. ಶೆರಿಫ್ ಕಚೇರಿಯವರು ದೋಣಿ ತಂದರು, ಕಾಲ್ನಡಿಗೆಯಲ್ಲಿ ಹುಡುಕಿದರು, ಹೆಲಿಕಾಪ್ಟರ್ ಹಾರಿಸಿದರು, ಹೊರಗೆ ಬಾ ಎಂದು ಧ್ವನಿವರ್ಧಕದಲ್ಲಿ ಕೂಗಿದರು. ಕೊನೆಗೆ ಸಿಕ್ಕಿದವನು ಕೊಟ್ಟ ಸಮಜಾಯಿಷಿ: ಕಟ್ಟಡವೊಂದರಲ್ಲಿ ಮಲಗಿದ್ದೆ, ಏನೂ ಕೇಳಿಸಲಿಲ್ಲ, ಒಂದು ವಾರ ಇರೋಣವೆಂದು ಬಂದಿದ್ದೆ, ನಿಷೇಧಿತ ಜಾಗವೆಂದು ಗೊತ್ತಿರಲಿಲ್ಲ. ಪ್ರವೇಶವಿಲ್ಲ ಎಂಬ ಫಲಕಗಳನ್ನು ಹಾಯ್ದೇ ಅವನು ಬಂದಿರಬೇಕು ಎಂದು ಪೊಲೀಸರು ಬರೆದುಕೊಂಡರು. ಲೋಕವೆಲ್ಲ ಮನೆಯಲ್ಲಿ ಕೂತು ಬೇಸತ್ತಿದ್ದ ಆ ದಿನಗಳಲ್ಲಿ, ಸುದ್ದಿ ಓದಿದ ಎಷ್ಟೋ ಜನ ಅವನನ್ನು ಬೈಯುವ ಬದಲು ಹೊಟ್ಟೆಕಿಚ್ಚುಪಟ್ಟರೆ ಸಹಜವೇ. ಅಷ್ಟು ಗದ್ದಲದಲ್ಲಿ ಬರುವ ನಿದ್ದೆ ಯಾರಿಗುಂಟು?

ಇನ್ನು ಈ ಕಥೆಯ ಇನ್ನೊಬ್ಬ ಪಾತ್ರಧಾರಿ, ಕಾವಲುಗಾರ. ರಾತ್ರಿ ಪಾಳಿ, ಗಾಲ್ಫ್ ಕಾರ್ಟು, ಫ್ಲಾಸ್ಕಿನಲ್ಲಿ ಕಾಫಿ. ಅವನ ಭಯ ಕಳ್ಳತನದ್ದಲ್ಲ. ಮುಚ್ಚಿದ ರೈಡಿನಲ್ಲಿ ಕದಿಯಲು ಏನಿದೆ, ತುಕ್ಕು. ಕೊಳೆತ ಮಹಡಿ, ಮುಚ್ಚಳವಿಲ್ಲದ ಗುಂಡಿ, ಇನ್ನೂ ಕರೆಂಟಿರುವ ತಂತಿ, ಇವುಗಳ ನಡುವೆ ಯಾರೋ ಒಬ್ಬ ಕಾಲು ಮುರಿದುಕೊಂಡರೆ ಬೆಳಗಿನ ತನಕ ವರದಿ ಬರೆಯಬೇಕಾದವನು ತಾನು. ಆ ಭಯ ಸುಳ್ಳೂ ಅಲ್ಲ. 1973ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಟಾಮ್ ಸಾಯರ್ ದ್ವೀಪದಲ್ಲಿ ಪಾರ್ಕು ಮುಚ್ಚಿದ ಮೇಲೂ ಅಡಗಿ ಉಳಿದ ಅಣ್ಣತಮ್ಮಂದಿರಲ್ಲಿ ಅಣ್ಣ, ಹದಿನೆಂಟರ ಹುಡುಗ, ಈಜಿ ದಾಟಲು ಹೋಗಿ ಮುಳುಗಿ ಸತ್ತ. ಅಲ್ಲಿನ ಕೋರ್ಟುಗಳಲ್ಲಿ ಒಂದು ತತ್ವವೂ ಇದೆ: ಮಕ್ಕಳನ್ನು ಸೆಳೆಯುವಂಥ ಅಪಾಯದ ವಸ್ತುವನ್ನು ಜಮೀನಿನಲ್ಲಿ ಇಟ್ಟುಕೊಂಡವನು, ಮಗು ಕದ್ದು ಒಳಗೆ ಬಂದಿದ್ದರೂ ಜವಾಬ್ದಾರನಾಗಬಹುದು. ಮಕ್ಕಳನ್ನು ಸೆಳೆಯುವುದನ್ನೇ ಕಸುಬು ಮಾಡಿಕೊಂಡ ಪಾರ್ಕಿನವನಿಗೆ ನಿದ್ದೆ ಹೇಗೆ ಬಂದೀತು?

ಇಬ್ಬರೂ ಎದುರುಬದುರಾದಾಗ ಸಂಭಾಷಣೆ ಎಲ್ಲ ದೇಶದಲ್ಲೂ ಒಂದೇ.

‘ಇಲ್ಲೇನು ಕೆಲಸ ನಿಮಗೆ?’

‘ದಾರಿ ತಪ್ಪಿತು ಸರ್.’

ಹಿಂದೆ ಎಂಟಡಿ ಬೇಲಿ, ಕೈಯಲ್ಲಿ ಕಾರ್ಪೆಟ್ ತುಂಡು.

ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಾದರೆ ಕಲಂ 329ರ ಪ್ರಕಾರ ಅಪರಾಧಿಕ ಅತಿಕ್ರಮಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅಪರಾಧ ಎಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಮಾಡುವ ಉದ್ದೇಶ ಇತ್ತೆಂದು ತೋರಿಸಬೇಕು. ‘ನೋಡುವುದೊಂದೇ ಉದ್ದೇಶ’ ಎಂದು ಮಹಾಶಯ ವಾದಿಸಿಯಾನು. ಕಾವಲುಗಾರನನ್ನು ಸಾಕ್ಷಿ ಕಟ್ಟೆಗೆ ಹತ್ತಿಸಿದರೆ, ಕಿರಿಕಿರಿ ಆಯಿತೋ ಇಲ್ಲವೋ ಎಂಬುದನ್ನು ಅವನು ವಿವರವಾಗಿ ಹೇಳುತ್ತಾನೆ.

ತಮಾಷೆಯೆಂದರೆ, ಅವನು ಕದ್ದು ನೋಡಬಯಸುವುದನ್ನು ಪಾರ್ಕಿನವರೇ ಎಷ್ಟೋ ಸಲ ಮಾರುತ್ತಾರೆ. ಡಿಸ್ನಿ ವರ್ಲ್ಡ್‌ನದೇ ಮ್ಯಾಜಿಕ್ ಕಿಂಗ್ಡಮ್ ಪಾರ್ಕಿನ ಕೆಳಗೆ ನೌಕರರು ಓಡಾಡುವ ‘ಯುಟಿಲಿಡಾರ್’ ಸುರಂಗಗಳ ಬಗ್ಗೆ ಈ ಪಂಥದಲ್ಲಿ ದಂತಕತೆಗಳೇ ಇವೆ. ನಿಜಕ್ಕೂ ಅವು ಸುರಂಗಗಳೂ ಅಲ್ಲ. ಫ್ಲೋರಿಡಾದಲ್ಲಿ ಸ್ವಲ್ಪ ಅಗೆದರೆ ನೀರು, ಹಾಗಾಗಿ ಅವನ್ನು ನೆಲಮಟ್ಟದಲ್ಲೇ ಕಟ್ಟಿ, ಪಾರ್ಕನ್ನು ಅವುಗಳ ಮೇಲೆ ಎಬ್ಬಿಸಿದರು. ಜನ ಓಡಾಡುವುದು ಮಹಡಿಯ ಮೇಲೆ. ‘ಕೀಸ್ ಟು ದ ಕಿಂಗ್ಡಮ್’ ಎಂಬ ಟೂರಿಗೆ ದುಡ್ಡು ಕೊಟ್ಟರೆ ಗೈಡ್ ಕರೆದುಕೊಂಡು ಹೋಗಿ ತೋರಿಸುತ್ತಾನೆ. ಹದಿನಾರು ತುಂಬಿರಬೇಕು, ತೆರೆಮರೆಯಲ್ಲಿ ಫೋಟೊ ತೆಗೆಯಬಾರದು, ಅಷ್ಟೆ. ಮಹಾಶಯ ಮೂಗು ಮುರಿಯುತ್ತಾನೆ. ಫೋಟೊ ಇಲ್ಲದೆ ನೋಡಿದ್ದನ್ನು ನೋಡಿದೆ ಎನ್ನಲು ಸಾಧ್ಯವೆ? ಮೇಲಿನಿಂದ ಡ್ರೋನ್ ಹಾರಿಸೋಣವೆಂದರೆ 2003ರಿಂದ ಡಿಸ್ನಿ ವರ್ಲ್ಡ್‌ನ ಮೇಲೆ ಮೂರು ಸಾವಿರ ಅಡಿಯವರೆಗೆ ವಿಮಾನ ಹಾರಾಟಕ್ಕೇ ನಿರ್ಬಂಧವಿದೆ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕು 2005ರ ಕತ್ರಿನಾ ಚಂಡಮಾರುತದಲ್ಲಿ ಮುಳುಗಿ ಮತ್ತೆ ತೆರೆಯಲೇ ಇಲ್ಲ. ಚಂಡಮಾರುತಕ್ಕಾಗಿ ಮುಚ್ಚಿದೆ ಎಂಬ ಫಲಕ ವರ್ಷಗಟ್ಟಲೆ ಹಾಗೇ ನಿಂತಿತ್ತು. ಅಲ್ಲಿ ಕ್ಯಾಮೆರಾ ಹಿಡಿದು ನುಸುಳಿದವರನ್ನು ಪೊಲೀಸರು ಹಿಡಿಯುತ್ತಿದ್ದರು. ‘ಜುರಾಸಿಕ್ ವರ್ಲ್ಡ್’ ಚಿತ್ರದವರು ಅನುಮತಿ ಪತ್ರ ತಂದು ಅದೇ ಜಾಗದಲ್ಲಿ ಡೈನೊಸಾರ್ ನಗರವನ್ನೇ ಕಟ್ಟಿಕೊಂಡರು. ಡೈನೊಸಾರಿಗೆ ಪರವಾನಗಿ ಇದೆ, ನನಗಿಲ್ಲ ಎಂಬುದು ಮಹಾಶಯನ ಅಳಲು.

ಬರ್ಲಿನ್‌ನ ಶ್ಪ್ರೇಪಾರ್ಕ್‌ನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಪೂರ್ವ ಜರ್ಮನಿ 1969ರಲ್ಲಿ ಶುರು ಮಾಡಿದ ಈ ಪಾರ್ಕು 2001ರಲ್ಲಿ ದಿವಾಳಿಯಾಯಿತು. ಮಾಲೀಕ ನಾರ್ಬರ್ಟ್ ವಿಟ್ಟೆ ಕೆಲವು ರೈಡುಗಳನ್ನು ಬಿಚ್ಚಿ ಹಡಗಿಗೆ ಹಾಕಿ ಪೆರುವಿಗೆ ಹೋದರು. ಅಲ್ಲಿಂದ ‘ಹಾರುವ ಜಮಖಾನ’ ರೈಡಿನ ಕಂಬದೊಳಗೆ ನೂರೈವತ್ತು ಕಿಲೋಗೂ ಹೆಚ್ಚು ಕೊಕೇನ್ ತುಂಬಿ ಜರ್ಮನಿಗೆ ಸಾಗಿಸುವ ಸಂಚಿನಲ್ಲಿ ಸಿಕ್ಕಿಬಿದ್ದು ಏಳು ವರ್ಷದ ಶಿಕ್ಷೆ ಪಡೆದರು. ಇತ್ತ ಪಾಳುಬಿದ್ದ ಪಾರ್ಕಿನಲ್ಲಿ ಮಗುಚಿ ಬಿದ್ದ ಪ್ಲಾಸ್ಟಿಕ್ ಡೈನೊಸಾರಿನ ಫೋಟೊ ತೆಗೆಯಲು ಬೇಲಿ ನುಸುಳಿದ ಬಡಪಾಯಿಗಳನ್ನು ಕಾವಲುಗಾರರು ಅಟ್ಟಾಡಿಸಿದರು. ಅಟ್ಟಾಡಿಸಿದಷ್ಟೂ ಜನ ಹೆಚ್ಚಾದರು. ಕೊನೆಗೆ ಯಾರಿಗೋ ಬುದ್ಧಿ ಹೊಳೆಯಿತು: ಗುಂಪು ಕಟ್ಟಿ, ಟಿಕೆಟ್ ಕೊಟ್ಟು, ಗೈಡ್ ಜೊತೆ ಒಳಗೆ ಬಿಟ್ಟರು. ಮುಂದೆ ನಗರಾಡಳಿತವೇ ಜಾಗ ವಾಪಸು ಪಡೆದು ಹೊಸ ಪಾರ್ಕಿನ ಕೆಲಸ ಕೈಗೆತ್ತಿಕೊಂಡಾಗಲೂ ಟೂರು ನಡೆಯಿತು.

ಮಹಾಶಯ ಅಲ್ಲಿಗೂ ಬಂದ, ಈ ಸಲ ಟಿಕೆಟ್ ಕೊಂಡು. ಗುಂಪಿನ ಹಿಂದೆ ನಿಂತು ಗೈಡ್ ಹೇಳಿದ ಇಸವಿಯನ್ನು ಎರಡು ಕಡೆ ತಿದ್ದಿದ. ಜಯಂಟ್ ವ್ಹೀಲಿನ ಹತ್ತಿರ ಹೋಗಬಾರದೇಕೆಂದು ಕೇಳಿ, ಗೈಡ್ ಬಾಯಿ ತೆರೆಯುವ ಮೊದಲೇ ಕಾರಣವನ್ನೂ ತಾನೇ ವಿವರಿಸಿದ. ಟೂರು ಮುಗಿದ ಮೇಲೆ ಗೈಡನ್ನು ಪಕ್ಕಕ್ಕೆ ಕರೆದು, ಹಿಂಬದಿಯ ಬೇಲಿ ಎಲ್ಲೆಲ್ಲಿ ತೂತಾಗಿದೆ ಎಂದು ಸೆಕ್ಯುರಿಟಿಯವರಿಗೆ ತಿಳಿಸುವಂತೆ ಹೇಳಿದ. ಕಂಡ ಕಂಡವರೆಲ್ಲ ನುಗ್ಗಿ ಹಾಳು ಮಾಡಿಬಿಡುತ್ತಾರಂತೆ.