ಕಯಾಕ್ ಪೀಠಬಂಧ ಮೀಮಾಂಸೆ

ಮೀನು ಹಿಡಿಯುವ ಕಯಾಕಿನಲ್ಲಿ ದೋಣಿ, ಪೀಠ ಎರಡೂ ಒಂದೆಯೋ, ಬೇರೆಯೋ? ಟೆಕ್ಸಸ್ ಕರಾವಳಿಯ ಉಪ್ಪುನೀರಿನಲ್ಲಿ ಗಾಳ ಹಾಕುವವರು ದೋಣಿ ಕೊಂಡ ದಿನ ಅಪ್ಪಟ ಅದ್ವೈತಿಗಳು. ನಾಲ್ಕಾರು ಬೇಸಿಗೆ ಕಳೆದ ಮೇಲೆ, ರೆಡ್‌ಫಿಶ್ ಜಗ್ಗಿದ ಗಳಿಗೆಯಲ್ಲಿ ಬೆನ್ನೊರಗಿನ ಪಟ್ಟಿ ಕಿತ್ತು ಅಂಗಾತ ಬಿದ್ದು ಆಕಾಶ ನೋಡುತ್ತಲೇ ದ್ವೈತಕ್ಕೆ ಹೊರಳುತ್ತಾರೆ. ಪ್ರತ್ಯಕ್ಷ ಪ್ರಮಾಣದ ಬಲವೇ ಅಂಥದು.

ಪೂರ್ವೇತಿಹಾಸ ಸರಳ. ಆರ್ಕ್ಟಿಕ್‌ನ ಇನ್ಯೂಟ್ ಬೇಟೆಗಾರರು ಸೀಲ್ ಚರ್ಮ ಹೊದಿಸಿ ಕಯಾಕ್ ಕಟ್ಟಿದರು. ಅದರಲ್ಲಿ ಸ್ಕ್ರೂ ಇರಲಿಲ್ಲ, ಹಾಗಾಗಿ ಸಡಿಲವಾಗುವ ಸ್ಕ್ರೂವೂ ಇರಲಿಲ್ಲ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ, ಬೇರೇನನ್ನೋ ಅರಸುತ್ತಿದ್ದವರ ಪಾತ್ರೆಯಲ್ಲಿ ಮೇಣದಂಥ ಪಾಲಿಥೀನ್ ಸಿಕ್ಕಿತು. ಈಗಿನ ಎಷ್ಟೋ ಮೀನುಗಾರಿಕೆ ಕಯಾಕ್‌ಗಳ ಮೈ ಅದರದೇ. ತಂಟೆಯೆಲ್ಲ ಅಲ್ಲಿಂದ.

ಮೊದಲ ಪೂರ್ವಪಕ್ಷ ಅಂಟುವಾದಿಗಳದು. ಪೀಠದ ಪಟ್ಟಿಯನ್ನು ದೋಣಿಗೆ ಹಿಡಿದಿಡುವ ಕೊಂಡಿ ಕಿತ್ತರೆ ಅಂಟಿಸಿದರಾಯಿತು ಎನ್ನುವ ಈ ಪಂಡಿತರು, ಅಂಟು ತುಂಬುವ ಬಾಟಲಿಯನ್ನೇ ಪಾಲಿಥೀನಿನಲ್ಲಿ ಏಕೆ ಮಾಡುತ್ತಾರೆಂದು ಕೇಳಿಕೊಂಡಂತಿಲ್ಲ. ಪಕ್ಷ ಖಂಡಿತ.

ಎರಡನೆಯವರು ಅಲ್ಯೂಮಿನಿಯಂ ರಿವೆಟ್‌ವಾದಿಗಳು. ಇವರನ್ನು ಹಗುರವಾಗಿ ಕಾಣುವಂತಿಲ್ಲ, ಕಾರ್ಖಾನೆಯವರೂ ಎಷ್ಟೋ ಸಲ ಇವರ ಕಡೆಯೇ. ಆದರೆ ಹುಟ್ಟು ಹಾಕುವಾಗಲೆಲ್ಲ ಕಾಲು ಮುಂದಕ್ಕೆ ಒತ್ತುತ್ತದೆ, ಬೆನ್ನು ಹಿಂದಕ್ಕೆ ಒತ್ತುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮೇಲೆ ಕೂತ ಕೊಂಡಿ ಸ್ಟೇನ್‌ಲೆಸ್ ಸ್ಟೀಲಿನದಾದರೆ, ಉಪ್ಪುನೀರಿನ ಸಾಕ್ಷಿಯಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ವಿಷಮ ವಿವಾಹದ ಫಲ.

ಸಿದ್ಧಾಂತ: ಕೈ ಎಟುಕುವಲ್ಲಿ 316 ದರ್ಜೆಯ ಸ್ಟೀಲ್ ಬೋಲ್ಟ್, ಒಳಬದಿಗೆ ಅಗಲ ವಾಷರ್, ನೈಲಾನ್ ಬಳೆಯ ನಟ್. ಎಳೆತ ಒಂದೇ ತೂತಿನ ಅಂಚಿಗೆ ಬೀಳದೆ ಸುತ್ತಲೂ ಹಂಚಿಹೋಗುತ್ತದೆ. ಕೈ ಎಟುಕದಲ್ಲಿ ಒಳಗೆ ಮೂರು ಕಾಲು ಚಾಚಿ ಕೂರುವ ರಿವೆಟ್, ಇಲ್ಲವೇ ಸ್ಕ್ರೂ ಬಿಗಿದಂತೆ ರಬ್ಬರ್ ಹೊಟ್ಟೆ ಉಬ್ಬಿಸಿಕೊಳ್ಳುವ ವೆಲ್‌ನಟ್. ಇಂಥ ಡೊಳ್ಳುಹೊಟ್ಟೆಯ ಆಚಾರ್ಯರು ತೂತಿನಿಂದ ಈಚೆ ಬರುವುದು ಕಷ್ಟ.

‘ಕೈ ಎಟುಕುವಲ್ಲಿ’ ಎಂಬ ಮಾತಿಗೆ ಭಾಷ್ಯ ಬೇಕು. ಮುಚ್ಚಳ ತೆಗೆದು ಭುಜದವರೆಗೆ ತೋಳು ತೂರಿಸಿ, ಕೆನ್ನೆಯನ್ನು ದೋಣಿಗೆ ಒತ್ತಿ ತಡಕಿದರೆ, ತೂತು ಬೆರಳ ತುದಿಯಿಂದ ನಾಲ್ಕಂಗುಲ ಆಚೆ ಇರುತ್ತದೆ. ಆಗ ಕೋಲಿನ ತುದಿಗೆ ಟೇಪಿನಿಂದ ನಟ್ ಅಂಟಿಸಿ ಒಳಗೆ ಹಿಡಿಯಬೇಕು, ಹೊರಗಿನಿಂದ ಇನ್ನೊಬ್ಬರು ಬೋಲ್ಟ್ ತಿರುಗಿಸಬೇಕು.

ವಾಷರ್ ಒಳಗೆ ಬಿದ್ದರೆ ದೋಣಿಯನ್ನು ಬೋರಲು ಮಾಡಿ ಅಲ್ಲಾಡಿಸಬಹುದು. ಗಾಳದ ಪೆಟ್ಟಿಗೆಯನ್ನು ಮೊದಲು ಇಳಿಸಿಡಿ.